ಆಸ್ಪತ್ರೆಯವರಿಗೆ ಸೂತಕವಿಲ್ಲ

ತೀವ್ರ ನಿಗಾ ಘಟಕದಲ್ಲಿ ಒಬ್ಬರು ತೀರಿಕೊಂಡರು ಅಂದುಕೊಳ್ಳಿ. ಎದೆ ಒತ್ತುತ್ತಿದ್ದ ಕೈಗಳು ನಿಲ್ಲುತ್ತವೆ. ಡ್ಯೂಟಿ ಡಾಕ್ಟರು ಕಣ್ಣಿಗೆ ಟಾರ್ಚ್ ಬಿಟ್ಟು ನೋಡುತ್ತಾರೆ, ಇಸಿಜಿ ತೆಗೆಸುತ್ತಾರೆ, ಗೆರೆ ನೇರವಾಗಿ ಬಂದ ಕಾಗದದ ಮೇಲೆ ಹೊತ್ತು ಬರೆದು ಸಹಿ ಹಾಕುತ್ತಾರೆ. ಆಮೇಲೆ ಕೇಸ್ ಶೀಟಿನ ಕೊನೆಯ ಟಿಪ್ಪಣಿ, ಸಾವಿನ ಕಾರಣ ತುಂಬಬೇಕಾದ ನಮೂನೆ 4, ಅಪಘಾತವೋ ವಿಷವೋ ಆಗಿದ್ದರೆ ಪೊಲೀಸರಿಗೆ ಎಂ.ಎಲ್.ಸಿ. (ಕಾನೂನಿಗೆ ಸಂಬಂಧಿಸಿದ ಪ್ರಕರಣ) ಮಾಹಿತಿ. ಇದರ ನಡುವೆಯೇ ಬಾಗಿಲಾಚೆ ಹೋಗಿ ಮನೆಯವರಿಗೆ ಹೇಳಬೇಕು. ಒಳಗೆ ಸಿಸ್ಟರ್ ನಳಿಕೆಗಳನ್ನು ಒಂದೊಂದಾಗಿ ಬಿಡಿಸುತ್ತಿರುವಾಗಲೇ ಕ್ಯಾಶುವಾಲ್ಟಿಯಿಂದ ಫೋನು ಬರುತ್ತದೆ: ‘ಬೆಡ್ ಖಾಲಿ ಆಯ್ತಾ?’

ಸತ್ತವರ ಮನೆಯಲ್ಲಿ ಹನ್ನೊಂದೋ ಹದಿಮೂರೋ ದಿನ ಸೂತಕ ಇರುತ್ತದೆ. ಸೂತಕವನ್ನು ತಾತ್ವಿಕವಾಗಿ ಒಪ್ಪದ ಲಿಂಗಾಯತರಲ್ಲೂ ಶಿವಗಣಾರಾಧನೆಯ ದಿನ ಬಂಧುಬಳಗ ಸೇರುತ್ತದೆ, ಮುಸ್ಲಿಮರ ಮನೆಯಲ್ಲಿ ಮೂರನೇ ದಿನದ ಜಿಯಾರತ್ ನಡೆಯುತ್ತದೆ. ಶಾಸ್ತ್ರದ ಕಾರಣ ಏನೇ ಇರಲಿ, ಆದದ್ದನ್ನು ಅರಗಿಸಿಕೊಳ್ಳಲು ಸಮಾಜವೇ ಕೊಟ್ಟ ರಜೆ ಅದು. ಆ ಸಾವನ್ನು ಕೈಯಾರೆ ಮುಟ್ಟಿದವರಿಗೆ ಮಾತ್ರ ಅಂಥ ಅವಕಾಶವಿಲ್ಲ. ಹೆಚ್ಚೆಂದರೆ ಮನೆಗೆ ಹೋದ ಕೂಡಲೇ ತಲೆಗೆ ನೀರು ಹಾಕಿಕೊಳ್ಳುತ್ತಾರೆ. ಅದು ಸೋಂಕಿನ ಭಯಕ್ಕೋ ಸಾವಿನ ಮೈಲಿಗೆಗೋ ಎಂದು ಕೇಳಿದರೆ ಅವರೇ ನಕ್ಕುಬಿಡುತ್ತಾರೆ.

‘ದಿನಾ ನೋಡ್ತಾರಲ್ಲ, ಅವರಿಗೆ ಅಭ್ಯಾಸ ಆಗಿರುತ್ತೆ’ ಎಂಬುದು ನಮ್ಮೆಲ್ಲರ ತೀರ್ಮಾನ. ಅರ್ಧ ನಿಜ. ಸಾವಿಗೆ ಅವರು ಒಗ್ಗಿಕೊಳ್ಳುತ್ತಾರೆ, ಒಗ್ಗಿಕೊಳ್ಳದೆ ಕೆಲಸ ಸಾಗದು. ಆದರೆ ವೈದ್ಯರ, ದಾದಿಯರ ಮನಸ್ಸು ಮುರಿಯುತ್ತಿರುವುದು ಬಹುತೇಕ ಸಾವಿನಿಂದಲ್ಲ. ಮಾಡಬೇಕಾದ್ದನ್ನು ಮಾಡಲಾಗದೆ ನೋಡುತ್ತ ನಿಂತ ಸಾವು, ತಮ್ಮ ತಲೆಗೇ ಬಂದ ಸಾವು, ಯಾರೊಂದಿಗೂ ಹೇಳಿಕೊಳ್ಳಲು ಹೊತ್ತೇ ಸಿಗದ ಸಾವು, ಇವು ಮುರಿಯುತ್ತವೆ. ಈ ಮೂರಕ್ಕೂ ಕಾರಣ ಇರುವುದು ಅವರ ಮನಸ್ಸಿನ ಹೊರಗೆ. ಮದ್ದನ್ನು ಮಾತ್ರ ನಾವು ಅವರ ಮನಸ್ಸಿನೊಳಗೇ ಹುಡುಕುತ್ತಿದ್ದೇವೆ.

ಒಗ್ಗಿಕೊಳ್ಳುವುದು ಶುರುವಾಗುವುದು ಎಂಬಿಬಿಎಸ್ ಮೊದಲ ವರ್ಷದಲ್ಲಿ, ಶವ ಕೊಯ್ದು ಕಲಿಯುವ ಅನಾಟಮಿ ಹಾಲ್‌ನಲ್ಲಿ. ದೇಹ ಕೆಡದಂತೆ ಇಡುವ ಫಾರ್ಮಲಿನ್ ಕಣ್ಣಲ್ಲಿ ನೀರು ತರಿಸುತ್ತದೆ. ಆ ನೀರಿನಲ್ಲಿ ಎಷ್ಟು ಫಾರ್ಮಲಿನ್‌ನದು, ಎಷ್ಟು ಹದಿನೆಂಟರ ಹುಡುಗ ಹುಡುಗಿಯರ ಅಂಜಿಕೆಯದು ಎಂದು ಹಿಂದೆಲ್ಲ ಯಾರೂ ವಿಚಾರಿಸುತ್ತಿರಲಿಲ್ಲ. 2019ರ ಬ್ಯಾಚಿನಿಂದ ಪಠ್ಯಕ್ರಮ ಬದಲಾಯಿತು. ನಡತೆ, ನೀತಿ, ಸಂವಹನ ಕಲಿಸುವ ‘ಏಟ್‌ಕಾಮ್’ ಎಂಬ ಪಾಠಸರಣಿ ಬಂತು. ದೇಹವೇ ನಮ್ಮ ಮೊದಲ ಗುರು ಎಂಬ ಪಾಠ ಅದರ ಆರಂಭದಲ್ಲಿದೆ. ಹಲವು ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಕತ್ತರಿ ಹಿಡಿಯುವ ಮೊದಲು ದೇಹದಾನಿಗಳನ್ನು ನೆನೆದು ಪ್ರತಿಜ್ಞೆ ಮಾಡುತ್ತಾರೆ. ಒಳ್ಳೆಯ ಬದಲಾವಣೆ, ಅನುಮಾನವಿಲ್ಲ. ಆದರೆ ಹೆಸರಿಲ್ಲದ ದೇಹ ಬೇರೆ, ನಿನ್ನೆ ರೌಂಡ್ಸಿನಲ್ಲಿ ‘ಊಟ ಆಯ್ತಾ ಡಾಕ್ಟ್ರಮ್ಮಾ’ ಎಂದು ಕೇಳಿದ್ದ ಅಜ್ಜಿ ಬೇರೆ. ಹೌಸ್ ಸರ್ಜನ್ ಆಗಿದ್ದಾಗ ನೋಡಿದ ಮೊದಲ ಸಾವನ್ನು ಇಪ್ಪತ್ತು ವರ್ಷದ ನಂತರವೂ ಬೆಡ್ ನಂಬರ್ ಸಮೇತ ಹೇಳುವ ವೈದ್ಯರಿದ್ದಾರೆ. ಅಂಥ ಹೊತ್ತಿನಲ್ಲಿ ಸೀನಿಯರ್ ಒಬ್ಬರು ಹೆಗಲ ಮೇಲೆ ಕೈಯಿಟ್ಟು ‘ಬಾ, ಒಂದು ಕಾಫಿ ಕುಡಿದು ಬರೋಣ’ ಎಂದರೆ ಅದೇ ಪಾಠ. ‘ಏನು ಮುಖ ಸಪ್ಪೆ ಮಾಡ್ಕೊಂಡಿದ್ದೀಯ, ಐದನೇ ಬೆಡ್ಡಿನ ಬ್ಲಡ್ ಕಳಿಸಿದ್ಯಾ?’ ಎಂದು ಗದರಿದರೆ ಅದೂ ಪಾಠವೇ. ಪುಸ್ತಕದ ಪಾಠಕ್ಕಿಂತ ಇವು ಗಟ್ಟಿಯಾಗಿ ಅಂಟಿಕೊಳ್ಳುತ್ತವೆ.

ಎದೆ ಕಲ್ಲು ಮಾಡಿಕೊಳ್ಳುವುದನ್ನು ವೈದ್ಯಲೋಕ ಬಹುಕಾಲ ಗುಣವೆಂದೇ ಹೊಗಳಿದೆ. 1889ರ ಮೇ 1ರಂದು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಹೊಸ ವೈದ್ಯರಿಗೆ ಮಾಡಿದ ಭಾಷಣದಲ್ಲಿ ವಿಲಿಯಂ ಆಸ್ಲರ್, ಏನೇ ಬಂದರೂ ಅಲುಗದಿರುವುದೇ ವೈದ್ಯನಿಗೆ ಬೇಕಾದ ದೊಡ್ಡ ಗುಣ ಎಂದಿದ್ದರು. ಆಧುನಿಕ ವೈದ್ಯ ಶಿಕ್ಷಣಕ್ಕೆ ಅಡಿಪಾಯ ಹಾಕಿದವರಲ್ಲಿ ಒಬ್ಬರ ಮಾತಾದ್ದರಿಂದ ಅದಕ್ಕೆ ತೂಕ ಹೆಚ್ಚು. ರಕ್ತ ಚಿಮ್ಮುತ್ತಿರುವಾಗ ಕೈ ನಡುಗುವ ಸರ್ಜನ್ ಯಾರಿಗೆ ಬೇಕು? ಇದಕ್ಕೆ ಮೆದುಳಿನ ಮಟ್ಟದ ಸಾಕ್ಷ್ಯವೂ ಸಿಕ್ಕಿದೆ. ತೈವಾನಿನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸೂಜಿ ಚುಚ್ಚುವ ದೃಶ್ಯಗಳನ್ನು ಆಕ್ಯುಪಂಕ್ಚರ್ ವೈದ್ಯರಿಗೂ ಸಾಮಾನ್ಯರಿಗೂ ತೋರಿಸಿ ಮೆದುಳನ್ನು ಸ್ಕ್ಯಾನ್ ಮಾಡಿದರು. ಸಾಮಾನ್ಯರ ಮೆದುಳಿನಲ್ಲಿ ನೋವಿಗೆ ಸ್ಪಂದಿಸುವ ಭಾಗಗಳು ಎಚ್ಚೆತ್ತವು. ವೈದ್ಯರಲ್ಲಿ ಅವು ಸುಮ್ಮನಿದ್ದು, ಭಾವನೆಯನ್ನು ಹತೋಟಿಯಲ್ಲಿಡುವ ಮುಂಭಾಗ ಕೆಲಸ ಮಾಡುತ್ತಿತ್ತು. ಅಂದರೆ ಅವರ ಮನಸ್ಸು ಮರಗಟ್ಟಿರಲಿಲ್ಲ, ತನ್ನನ್ನು ತಾನೇ ಹಿಡಿದುಕೊಂಡಿತ್ತು. ಹಾಗೆ ಹಿಡಿದುಕೊಳ್ಳುವುದಕ್ಕೂ ಶಕ್ತಿ ಬೇಕು. ಮೂವತ್ತಾರು ಗಂಟೆ ನಿದ್ದೆಗೆಟ್ಟವರಲ್ಲಿ ಆ ಶಕ್ತಿ ಎಷ್ಟು ಉಳಿದಿರುತ್ತದೆ ಎಂಬುದೇ ಪ್ರಶ್ನೆ.

ಶಕ್ತಿ ಬತ್ತಿದಾಗ ಏನಾಗುತ್ತದೆ ಎಂಬುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನಾ ಮಾಸ್ಲಾಕ್ 1981ರಲ್ಲೇ ಮೂರು ಲಕ್ಷಣಗಳಲ್ಲಿ ಹಿಡಿದಿಟ್ಟರು: ಭಾವನೆ ಬರಿದಾಗುವುದು, ಎದುರಿಗಿರುವವರು ಮನುಷ್ಯರೆಂಬುದೇ ಮಸುಕಾಗುವುದು, ಮಾಡಿದ ಕೆಲಸಕ್ಕೆ ಬೆಲೆಯಿಲ್ಲ ಎನಿಸುವುದು. ಈ ಬರ್ನ್‌ಔಟ್ ಅನ್ನು 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ವರ್ಗೀಕರಣದಲ್ಲಿ ವಿವರಿಸುವಾಗ, ಇದು ರೋಗವಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿ ಎಂದು ಸ್ಪಷ್ಟಪಡಿಸಿತು. ಮೂರರಲ್ಲಿ ಎರಡನೆಯದು ರೋಗಿಗೇ ತಟ್ಟುತ್ತದೆ. ವಾರ್ಡಿನಲ್ಲಿ ‘ಆ ಲಿವರ್ ಕೇಸು’, ‘ಮೂರನೇ ಬೆಡ್ಡಿನ ಸ್ಟ್ರೋಕು’ ಎಂದು ಕರೆಯುವುದನ್ನು ಕೇಳಿರುತ್ತೀರಿ. ಅದರಲ್ಲಿ ಕೆಲಸದ ಅವಸರ ಒಂದು ಪಾಲು, ಹೆಸರು ನೆನಪಿನಲ್ಲಿ ಉಳಿಯದಿರಲಿ ಎಂಬ ಆತ್ಮರಕ್ಷಣೆ ಇನ್ನೊಂದು ಪಾಲು ಎಂದು ನನಗನಿಸುತ್ತದೆ.

ಹೇಳಿಕೊಳ್ಳದ ದುಃಖ ಚಿಕಿತ್ಸೆಯ ದಿಕ್ಕನ್ನೇ ತಿರುಗಿಸಬಲ್ಲದು. ಕೆನಡಾದ ಒಂಟಾರಿಯೊ ಪ್ರಾಂತ್ಯದ 20 ಕ್ಯಾನ್ಸರ್ ತಜ್ಞರನ್ನು ಕೂರಿಸಿಕೊಂಡು ಮಾತಾಡಿಸಿದ ಲಿಯಾಟ್ ಗ್ರಾನೆಕ್ ಅವರ ತಂಡದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ರೋಗಿ ಸತ್ತಾಗ ಸೋತೆ ಎನಿಸುತ್ತದೆ, ನಿದ್ದೆ ಬರುವುದಿಲ್ಲ, ಅಪರಾಧಿ ಭಾವ ಕಾಡುತ್ತದೆ ಎಂದವರು ಹಲವರು. ಅದಕ್ಕಿಂತ ಮುಖ್ಯವಾದ ಮಾತು ಮುಂದಿತ್ತು. ಆ ನೋವಿನ ಕಾರಣಕ್ಕೆ ಮುಂದಿನ ರೋಗಿಗೆ ಬೇಕಾದ್ದಕ್ಕಿಂತ ಹೆಚ್ಚು ಕೀಮೋ ಕೊಟ್ಟದ್ದುಂಟು, ಸಾವು ಹತ್ತಿರವಾದವರ ಕೋಣೆಗೆ ಹೋಗುವುದು ಕಡಿಮೆಯಾದದ್ದುಂಟು ಎಂದೂ ಅವರಲ್ಲಿ ಕೆಲವರು ಒಪ್ಪಿಕೊಂಡಿದ್ದರು. ಕೊನೆಯ ದಿನಗಳಲ್ಲಿ ‘ದೊಡ್ಡ ಡಾಕ್ಟ್ರು ಬರೋದೇ ನಿಲ್ಲಿಸಿದ್ರು’ ಎಂದು ನಮ್ಮ ಮನೆಗಳಲ್ಲಿ ಬೇಸರಪಟ್ಟುಕೊಳ್ಳುತ್ತೇವಲ್ಲ, ಅದು ಸದಾ ಉದಾಸೀನವೇ ಆಗಿರಬೇಕಿಲ್ಲ.

ನಮ್ಮಲ್ಲಿ ಇನ್ನೊಂದು ಭಾರ ಸೇರುತ್ತದೆ. ಬಯಾಪ್ಸಿ ವರದಿ ಬಂದ ದಿನ ಮಗನೋ ಅಳಿಯನೋ ರೋಗಿಗಿಂತ ಮೊದಲು ಒಳಗೆ ಬಂದು, ‘ಅವರಿಗೆ ಮಾತ್ರ ಹೇಳ್ಬೇಡಿ ಡಾಕ್ಟ್ರೇ, ಎದೆ ಒಡ್ಕೊಂಡುಬಿಡ್ತಾರೆ’ ಎಂದು ಕೈ ಮುಗಿಯುತ್ತಾರೆ. ಆಮೇಲೆ ತಿಂಗಳುಗಟ್ಟಲೆ ವೈದ್ಯರು ‘ಗಡ್ಡೆ’, ‘ಸೋಂಕು’, ‘ಹುಣ್ಣು’ ಎನ್ನುತ್ತ ಕಾಲ ತಳ್ಳಬೇಕು. ರೋಗಿಗೂ ಗೊತ್ತಿರುತ್ತದೆ, ಮನೆಯವರಿಗಾಗಿ ಗೊತ್ತಿಲ್ಲದಂತೆ ಇರುತ್ತಾರೆ. ಸುಳ್ಳಿನ ಈ ಒಪ್ಪಂದದಲ್ಲಿ ದಿನಾ ಮುಖ ಕೊಟ್ಟು ಮಾತಾಡಬೇಕಾದವರು ವಾರ್ಡಿನ ದಾದಿಯರು. ರಾತ್ರಿ ಎರಡಕ್ಕೆ ಎಚ್ಚರವಾಗಿ ‘ಸಿಸ್ಟರ್, ನಿಜ ಹೇಳಿ, ನಾನು ಮನೆಗೆ ಹೋಗ್ತೀನಾ?’ ಎಂದು ಕೇಳುವುದು ಅವರನ್ನೇ. ಕೆಟ್ಟ ಸುದ್ದಿ ಹೇಳುವುದಕ್ಕೆ ‘ಸ್ಪೈಕ್ಸ್’ ಎಂಬ ಆರು ಹಂತಗಳ ಕ್ರಮವೊಂದಿದೆ, 2000ದಲ್ಲಿ ಪ್ರಕಟವಾದದ್ದು: ಏಕಾಂತದಲ್ಲಿ ಕೂರಿಸಿ, ಅವರಿಗೆ ಎಷ್ಟು ಗೊತ್ತಿದೆ ಕೇಳಿ, ಎಷ್ಟು ತಿಳಿಯಲು ಮನಸ್ಸಿದೆ ಕೇಳಿ, ನಂತರ ಹೇಳಿ, ಅವರ ಭಾವನೆಗೆ ಹೆಗಲು ಕೊಡಿ, ಮುಂದೇನು ಎಂಬುದನ್ನು ವಿವರಿಸಿ. ಸರ್ಕಾರಿ ಆಸ್ಪತ್ರೆಯ ಕಾರಿಡಾರಿನಲ್ಲಿ ಏಕಾಂತದ ಮೊದಲ ಹಂತವೇ ಸಿಗುವುದಿಲ್ಲ. ಜೊತೆಗೆ ಭಾಷೆಯ ತೊಡಕು. ಅಖಿಲ ಭಾರತ ಕೋಟಾದಲ್ಲಿ ಬಂದ ಪಿಜಿಗೆ (ಸ್ನಾತಕೋತ್ತರ ಓದುತ್ತಿರುವ ವೈದ್ಯರಿಗೆ) ಕನ್ನಡದಲ್ಲಿ ಬರುವುದು ‘ನೋವು ಇದೆಯಾ, ಜ್ವರ ಇದೆಯಾ’ ಅಷ್ಟೇ ಇರುತ್ತದೆ. ಆ ಬಂಡವಾಳದಲ್ಲಿ ಅವರು ತಾಯಿಗೆ ಮಗುವಿನ ಸಾವನ್ನು ಹೇಳಬೇಕು. ಕೇಳಿದವರಿಗೆ ಅದು ಒರಟುತನವಾಗಿ ಕಾಣುತ್ತದೆ, ಹೇಳಿದವರಿಗೆ ನಾಚಿಕೆಯಾಗಿ ಉಳಿಯುತ್ತದೆ.

ಇನ್ನು ನೋಡುತ್ತ ನಿಲ್ಲಬೇಕಾದ ಸಾವು. ಕೋವಿಡ್ ಕಾಲದಲ್ಲಿ, 2021ರ ಮೇ 2-3ರ ಅವಧಿಯಲ್ಲಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ 24 ರೋಗಿಗಳು ಸತ್ತರು. ಆಮ್ಲಜನಕ ಮುಗಿಯುತ್ತ ಬಂದಿತ್ತು, ಸಿಲಿಂಡರ್‌ಗಳು ಮೈಸೂರಿನಿಂದ ಬರಬೇಕಿತ್ತು. ಆಮ್ಲಜನಕದ ಕೊರತೆಯಿಂದಲೇ ಸತ್ತವರೆಷ್ಟು ಎಂಬುದು ರಾಜಕೀಯ ವಿವಾದವಾಯಿತು, ತನಿಖೆಗಳು ನಡೆದವು. ಆ ರಾತ್ರಿ ಒಳಗಿದ್ದ ನರ್ಸ್‌ಗಳು, ಡ್ಯೂಟಿ ವೈದ್ಯರು ಯಾವ ಲೆಕ್ಕಕ್ಕೆ ಸೇರುತ್ತಾರೆ ಎಂಬ ಪ್ರಶ್ನೆಯನ್ನು ಮಾತ್ರ ಹೆಚ್ಚು ಜನ ಎತ್ತಲಿಲ್ಲ. ಅವರಿಗೆ ಏನು ಮಾಡಬೇಕೆಂದು ಗೊತ್ತಿತ್ತು, ಮಾಡಲು ಕೈಯಲ್ಲಿ ಏನೂ ಇರಲಿಲ್ಲ. ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರಿಗೆ ಚಿಕಿತ್ಸೆ ನೀಡುತ್ತಿದ್ದ ಮನೋವೈದ್ಯ ಜೊನಾಥನ್ ಶೇ, ಸರಿಯೆಂದು ನಂಬಿದ್ದನ್ನು ಮೇಲಿನವರೇ ಮುರಿದಾಗ ಆಗುವ ಗಾಯವನ್ನು ನೈತಿಕ ಗಾಯ ಎಂದು ಗುರುತಿಸಿದ್ದರು. 2018ರಲ್ಲಿ ವೆಂಡಿ ಡೀನ್, ಸೈಮನ್ ಟಾಲ್ಬಟ್ ಎಂಬ ಅಮೆರಿಕದ ವೈದ್ಯರು ಅದೇ ವಿಚಾರವನ್ನು ತಮ್ಮ ವೃತ್ತಿಗೆ ಅನ್ವಯಿಸಿ, ವೈದ್ಯರಿಗೆ ಆಗಿರುವುದು ಬರೀ ದಣಿವಲ್ಲ, ಇಂಥ ಗಾಯ ಎಂದು ವಾದಿಸಿದರು. ನಮ್ಮಲ್ಲಿ ಇದಕ್ಕೆ ಸಾಂಕ್ರಾಮಿಕವೇ ಬರಬೇಕೆಂದಿಲ್ಲ. ಒಂದೇ ವೆಂಟಿಲೇಟರ್ ಇದ್ದು ಇಬ್ಬರು ಕಾಯುವ ರಾತ್ರಿ ಬೇರೆ ದಿನಗಳಲ್ಲೂ ಬರುತ್ತದೆ. ದುಡ್ಡು ಮುಗಿದು, ‘ಮನೆಗೆ ಕರ್ಕೊಂಡು ಹೋಗ್ತೀವಿ ಸಾರ್’ ಎಂದು ಸಹಿ ಹಾಕಿ ಹೊರಡುವವರನ್ನು ಬಾಗಿಲವರೆಗೆ ಕಳಿಸುವ ವೈದ್ಯನಿಗೆ ಆ ರೋಗಿ ದಾರಿಯಲ್ಲೇ ತೀರಿಕೊಳ್ಳುತ್ತಾರೆಂದು ಗೊತ್ತಿರುತ್ತದೆ. ದಾಖಲೆಯಲ್ಲಿ ಅದು ಸಾವಲ್ಲ, ಡಿಸ್ಚಾರ್ಜ್.

ಇನ್ನೊಂದು, ತಲೆಗೆ ಬರುವ ಸಾವು. ಚಿಕಿತ್ಸೆಯಲ್ಲಿ ತಪ್ಪಾದಾಗ ರೋಗಿಯ ಜೊತೆಗೆ ಚಿಕಿತ್ಸೆ ಕೊಟ್ಟವರೂ ಪೆಟ್ಟು ತಿನ್ನುತ್ತಾರೆ, ಅವರು ‘ಎರಡನೇ ಬಲಿಪಶು’ ಎಂದು ಅಮೆರಿಕದ ವೈದ್ಯ ಆಲ್ಬರ್ಟ್ ವೂ 2000ದಲ್ಲಿ ಬರೆದರು. ರೋಗಿಯನ್ನು ಕಳೆದುಕೊಂಡವರಿಗೆ ಈ ಮಾತು ಕಿರಿಕಿರಿ ಮಾಡುವುದು ಸಹಜ, ಅವರ ಸಿಟ್ಟಿನಲ್ಲಿ ನ್ಯಾಯವಿದೆ. ಆದರೆ ತಪ್ಪೇ ಆಗದಿದ್ದಾಗಲೂ ಶಿಕ್ಷೆ ಬೀಳುವುದುಂಟು. 2022ರ ಮಾರ್ಚಿನಲ್ಲಿ ರಾಜಸ್ಥಾನದ ದೌಸಾ ಜಿಲ್ಲೆಯಲ್ಲಿ ಹೆರಿಗೆಯ ನಂತರದ ತೀವ್ರ ರಕ್ತಸ್ರಾವದಿಂದ ಬಾಣಂತಿಯೊಬ್ಬರು ಸತ್ತರು. ಆಸ್ಪತ್ರೆಯ ಮುಂದೆ ಪ್ರತಿಭಟನೆ ನಡೆದು, ಸ್ತ್ರೀರೋಗ ತಜ್ಞೆಯ ಮೇಲೆ ಕೊಲೆ ಪ್ರಕರಣವೇ ದಾಖಲಾಯಿತು. ಮರುದಿನ ಆ ವೈದ್ಯೆ ಆತ್ಮಹತ್ಯೆ ಮಾಡಿಕೊಂಡರು. ಎಷ್ಟು ಜಾಗ್ರತೆ ವಹಿಸಿದರೂ ಕೆಲವೊಮ್ಮೆ ತಾಯಿಯನ್ನು ಉಳಿಸಿಕೊಳ್ಳಲಾಗದ ತೊಡಕು ಅದು. ಬೇರೆ ವೈದ್ಯರ ಸ್ವತಂತ್ರ ಅಭಿಪ್ರಾಯ ಪಡೆಯದೆ ವೈದ್ಯರ ಮೇಲೆ ಕ್ರಿಮಿನಲ್ ಕ್ರಮಕ್ಕೆ ಮುಂದಾಗಬಾರದೆಂದು ಸುಪ್ರೀಂ ಕೋರ್ಟ್ 2005ರ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲೇ ಹೇಳಿತ್ತು. ತೀರ್ಪಿದ್ದರೂ ಪೊಲೀಸ್ ಠಾಣೆಯ ಮಟ್ಟದಲ್ಲಿ ಅದು ಉಪಯೋಗಕ್ಕೆ ಬರಲಿಲ್ಲ. ಕರ್ನಾಟಕದಲ್ಲಿ ವೈದ್ಯ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯಲು 2009ರಿಂದ ಕಾಯ್ದೆಯಿದೆ. ಅದರಿಂದ ಕ್ಯಾಶುವಾಲ್ಟಿಯ ಭಯ ಕಡಿಮೆಯಾಗಿದೆ ಎಂದು ಅಲ್ಲಿ ರಾತ್ರಿ ಪಾಳಿ ಮಾಡುವ ಯಾರೂ ಹೇಳಲಿಕ್ಕಿಲ್ಲ. ಹೊರಗೆ ಐವತ್ತು ಜನ ಸೇರಿರುವಾಗ ಸಾವಿನ ಸುದ್ದಿ ಹೇಳಲು ಹೋಗುವವರ ತಲೆಯಲ್ಲಿ ಸಾಂತ್ವನದ ಮಾತಿಗಿಂತ ಮೊದಲು ಓಡಿಹೋಗುವ ದಾರಿ ಬರುತ್ತದೆ.

ಹಾಗಾದರೆ ಇವರು ದಿನ ದೂಡುವುದು ಹೇಗೆ? ತಮಾಷೆಯಿಂದ, ಮೊದಲನೆಯದಾಗಿ. ಡಾಕ್ಟರುಗಳ ಕೋಣೆಯಲ್ಲಿ ಹುಟ್ಟುವ ಜೋಕುಗಳನ್ನು ಹೊರಗಿನವರು ಕೇಳಿದರೆ ಕ್ರೂರಿಗಳೆಂದಾರು. ನಂಬಿಕೆಗಳೂ ಇವೆ: ‘ಇವತ್ತು ವಾರ್ಡು ತಣ್ಣಗಿದೆ’ ಎಂದು ಬಾಯಿಬಿಟ್ಟರೆ ಉಳಿದವರು ಸಿಟ್ಟಾಗುತ್ತಾರೆ, ಹೇಳಿದ ಕೂಡಲೇ ಕೇಸುಗಳು ಸುರಿಯುತ್ತವಂತೆ. ದೇವರ ಮೇಲೆ ಭಾರ ಹಾಕುವವರು ಬಹಳ. ಆಪರೇಷನ್ ಥಿಯೇಟರಿನ ಹೊರಗೆ ಗಣಪತಿ, ವೆಂಕಟರಮಣ, ಏಸು, ಕಾಬಾದ ಚಿತ್ರ ಒಂದೇ ಗೋಡೆಯಲ್ಲಿರುವುದು ರೋಗಿಗಳಿಗಾಗಿ ಮಾತ್ರ ಅಂದುಕೊಳ್ಳಬೇಡಿ. ‘ನಮ್ಮ ಕೈಲಾದ್ದು ಮಾಡಿದ್ವಿ, ಆಯಸ್ಸು ಅಷ್ಟೇ ಇತ್ತು’ ಎಂಬ ಮಾತು ಬಂಧುಗಳಿಗೆಷ್ಟೋ ಹೇಳುವವರಿಗೂ ಅಷ್ಟೇ ಸಮಾಧಾನ. ಕುಡಿತಕ್ಕೆ, ತಾವೇ ಬರೆದುಕೊಂಡ ನಿದ್ದೆ ಮಾತ್ರೆಗೆ ಇಳಿಯುವವರೂ ಇದ್ದಾರೆ, ಔಷಧ ಕೈಗೆಟುಕುವಲ್ಲೇ ಇರುವುದು ಈ ವೃತ್ತಿಯ ಅಪಾಯ. ಮನೋವೈದ್ಯರ ಬಳಿ ಹೋಗುವುದು ಕೊನೆಯ ಆಯ್ಕೆ. ಅದೇ ಕಾಲೇಜಿನ ಓಪಿಡಿಯಲ್ಲಿ ಚೀಟಿ ಮಾಡಿಸಿದರೆ ಸಂಜೆಗೆ ಹಾಸ್ಟೆಲ್ಲಿಗೆಲ್ಲ ಗೊತ್ತಾಗುತ್ತದೆ ಎಂಬ ಹೆದರಿಕೆ ಸುಳ್ಳೇನಲ್ಲ. ಹಾಗೆ ಹೆದರುವವರಿಗೆ ಹೊರಗೊಂದು ದಾರಿಯಿದೆ: 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತಾಡಬಹುದು.

ಪರಿಸ್ಥಿತಿ ಎಷ್ಟು ಬಿಗಡಾಯಿಸಿದೆ ಎಂಬುದಕ್ಕೆ ವೈದ್ಯ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ 2024ರಲ್ಲಿ ಕೊಟ್ಟ ವರದಿ ನೋಡಬೇಕು. ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ಬಿ.ಎಂ. ಸುರೇಶ್ ಅದರ ಅಧ್ಯಕ್ಷರು. ಆನ್‌ಲೈನ್ ಸಮೀಕ್ಷೆಗೆ ಉತ್ತರಿಸಿದವರು 25,590 ಎಂಬಿಬಿಎಸ್ ವಿದ್ಯಾರ್ಥಿಗಳು, 5,337 ಪಿಜಿಗಳು, 7,035 ಬೋಧಕರು. ಆತ್ಮಹತ್ಯೆಯ ಯೋಚನೆ ಬಂದಿತ್ತು ಎಂದವರು ಎಂಬಿಬಿಎಸ್‌ನಲ್ಲಿ ಶೇ 16.2, ಪಿಜಿಯಲ್ಲಿ ಶೇ 31.2. ತಾವಾಗಿ ಮುಂದೆ ಬಂದು ಉತ್ತರಿಸುವ ಸಮೀಕ್ಷೆಯಲ್ಲಿ ನೊಂದವರ ಪಾಲು ಹೆಚ್ಚಿರಬಹುದು, ಆ ರಿಯಾಯಿತಿ ಕೊಟ್ಟೇ ಓದೋಣ. ಆದರೂ ಎಂಬಿಬಿಎಸ್‌ಗಿಂತ ಪಿಜಿಯಲ್ಲಿ ಸಂಖ್ಯೆ ಸುಮಾರು ಇಮ್ಮಡಿಯಾಗಿರುವುದನ್ನು ತಳ್ಳಿಹಾಕಲಾಗದು. ಸಾವಿಗೆ ಒಗ್ಗಿಕೊಳ್ಳಲು ಹೆಚ್ಚು ವರ್ಷ ಸಿಕ್ಕವರು ಪಿಜಿಗಳು. ಅಭ್ಯಾಸವೇ ಮದ್ದಾಗಿದ್ದರೆ ಲೆಕ್ಕ ತಿರುಗುಮುರುಗಾಗಿರಬೇಕಿತ್ತು. ಅವರಿಗೆ ಹೆಚ್ಚಾಗಿರುವುದು ಪಾಳಿ, ಹೊಣೆ ಮತ್ತು ಬೈಗುಳ.

ಆಸ್ಪತ್ರೆಯಲ್ಲಿ ದುಡಿಯುತ್ತ ಕಲಿಯುವ ವೈದ್ಯರಿಗಾಗಿ ಕೇಂದ್ರ ಮಾಡಿದ ರೆಸಿಡೆನ್ಸಿ ಯೋಜನೆ 1992ರಲ್ಲೇ ಸತತ ಪಾಳಿ ಸಾಮಾನ್ಯವಾಗಿ 12 ಗಂಟೆ ಮೀರಬಾರದು, ವಾರಕ್ಕೆ 48 ಗಂಟೆ ಸಾಕು ಎಂದಿತ್ತು. ಮೂರು ದಶಕದ ನಂತರ ಬಂದ ಕಾರ್ಯಪಡೆ ವಾರಕ್ಕೆ 74 ಗಂಟೆ ಮೀರದಿರಲಿ, ಒಂದು ದಿನ ರಜೆಯಿರಲಿ ಎಂದಿತು. 48ರಿಂದ 74ಕ್ಕೆ ಏರಿದ್ದು ಶಿಫಾರಸು ಮಾಡಿದವರ ಕಟುಕತನದಿಂದಲ್ಲ, ವಾಸ್ತವ ಅದಕ್ಕಿಂತ ಕೆಟ್ಟದಾಗಿರುವುದರಿಂದ. ನೂರು ಗಂಟೆ ದುಡಿಯುವವರನ್ನು ವಾರಕ್ಕೊಮ್ಮೆ ಸಭಾಂಗಣಕ್ಕೆ ಕರೆದು ಯೋಗ, ಪ್ರಾಣಾಯಾಮ, ಒತ್ತಡ ನಿರ್ವಹಣೆಯ ಉಪನ್ಯಾಸ ಏರ್ಪಡಿಸುವ ಆಡಳಿತಗಳಿವೆ. ಯೋಗದ ಬಗ್ಗೆ ನನಗೆ ತಕರಾರಿಲ್ಲ. ಆ ಒಂದು ಗಂಟೆ ಅವರನ್ನು ಮಲಗಲು ಬಿಟ್ಟರೆ ಹೆಚ್ಚು ಲಾಭ.

ನಿಜವಾಗಿ ನೆರವಾದ ಏರ್ಪಾಡುಗಳು ಸರಳವಾಗಿವೆ. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಆಸ್ಪತ್ರೆಯ ನರ್ಸ್ ಜೊನಾಥನ್ ಬಾರ್ಟೆಲ್ಸ್, ರೋಗಿ ಸತ್ತ ಕೂಡಲೇ ಹಾಸಿಗೆಯ ಸುತ್ತ ಇದ್ದವರೆಲ್ಲ ಒಂದು ನಿಮಿಷದಷ್ಟು ಹೊತ್ತು ಮೌನವಾಗಿ ನಿಲ್ಲುವ ಪದ್ಧತಿ ಶುರು ಮಾಡಿದರು. ಹೋದವರು ಯಾರದೋ ತಾಯಿ, ಯಾರದೋ ಗೆಳೆಯ ಎಂದು ಒಂದು ಮಾತು, ಪ್ರಯತ್ನಿಸಿದವರಿಗೆ ಒಂದು ಕೃತಜ್ಞತೆ, ಅಷ್ಟೇ. ಖರ್ಚಿಲ್ಲದ್ದಾದ್ದರಿಂದ ಬೇರೆಡೆಗೂ ಹಬ್ಬಿತು. ಬೋಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ 1997ರಲ್ಲಿ ಆರಂಭವಾದ ಶ್ವಾರ್ಟ್ಸ್ ರೌಂಡ್ಸ್‌ನಲ್ಲಿ ವೈದ್ಯರು, ನರ್ಸ್‌ಗಳು, ಇತರ ಸಿಬ್ಬಂದಿ ಒಟ್ಟಿಗೆ ಕೂತು ಒಂದು ಪ್ರಕರಣ ತಮಗೆ ಹೇಗೆ ತಟ್ಟಿತು ಎಂದು ಮಾತಾಡುತ್ತಾರೆ. ರೋಗನಿರ್ಣಯ ಸರಿಯಿತ್ತೇ ಎಂಬ ಚರ್ಚೆಗೆ ಅಲ್ಲಿ ಜಾಗವಿಲ್ಲ. ನಮ್ಮ ಕಾಲೇಜುಗಳಲ್ಲಿ ಸಾವಿನ ಬಗ್ಗೆ ತಿಂಗಳಿಗೊಮ್ಮೆ ನಡೆಯುವ ಮಾರ್ಟಾಲಿಟಿ ಮೀಟಿಂಗ್ ಬಹುಪಾಲು ಪಿಜಿಯನ್ನು ನಿಲ್ಲಿಸಿ ವಿಚಾರಿಸುವ ಸಭೆ. ಅದೇ ಸಭೆಯ ಕೊನೆಯ ಹತ್ತು ನಿಮಿಷವನ್ನು ವಿಭಾಗದ ಮುಖ್ಯಸ್ಥರು ಬೇರೆ ರೀತಿ ಬಳಸಬಹುದು. ಅದಕ್ಕೆ ಸುತ್ತೋಲೆ ಬೇಕಿಲ್ಲ.

ಸಾವಿನ ಜೊತೆ ಅತಿ ಹತ್ತಿರದಿಂದ ಕೆಲಸ ಮಾಡುವವರು ಉಪಶಾಮಕ ಆರೈಕೆಯವರು, ಅಂದರೆ ಗುಣವಾಗದ ರೋಗಿಗಳ ನೋವು ತಗ್ಗಿಸುವವರು. ಬೆಂಗಳೂರಿನ ಕರುಣಾಶ್ರಯದಲ್ಲಿ 1999ರಿಂದ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತಿದ್ದಾರೆ. ಅಲ್ಲಿಗೆ ಬಂದ ರೋಗಿ ಸಾಯುವುದು ಸೋಲಲ್ಲ, ನೋವಿನಿಂದ ಸಾಯುವುದು ಸೋಲು. ಗುರಿಯೇ ಬದಲಾದಾಗ ಕೆಲಸ ಮಾಡುವವರ ಮನಸ್ಸಿನ ಲೆಕ್ಕವೂ ಬದಲಾಗುತ್ತದೆ. ಐಸಿಯುನಲ್ಲಿ ಇದು ಕಷ್ಟವಾಗಿರುವುದಕ್ಕೆ ಕಾನೂನಿನ ಅಂಜಿಕೆಯೂ ಒಂದು ಕಾರಣ. ಗುಣವಾಗುವ ಆಸೆಯಿಲ್ಲದವರ ಜೀವರಕ್ಷಕ ಯಂತ್ರ ತೆಗೆದರೆ ಕೇಸು ಬಿದ್ದೀತೆಂದು, ಫಲವಿಲ್ಲವೆಂದು ಗೊತ್ತಿದ್ದೂ ಎದೆ ಒತ್ತುತ್ತಲೇ ಇರುತ್ತಾರೆ. ಘನತೆಯಿಂದ ಸಾಯುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಮಾನ್ಯ ಮಾಡಿ, 2023ರಲ್ಲಿ ವಿಧಾನವನ್ನು ಸರಳಗೊಳಿಸಿತು. ಕರ್ನಾಟಕ ಸರ್ಕಾರ 2025ರ ಜನವರಿ 30ರಂದು ಅದನ್ನು ಜಾರಿಗೊಳಿಸುವ ಆದೇಶ ಹೊರಡಿಸಿ, ಎರಡು ಹಂತದ ವೈದ್ಯಕೀಯ ಮಂಡಳಿಗಳ ವ್ಯವಸ್ಥೆಯನ್ನು ಮುಂದಿಟ್ಟಿತು. ಇದನ್ನು ರೋಗಿಯ ಹಕ್ಕಿನ ಆದೇಶವೆಂದು ಎಲ್ಲರೂ ಓದಿದರು. ನಿಷ್ಫಲವೆಂದು ತಿಳಿದೂ ಇನ್ನೊಬ್ಬರ ಪಕ್ಕೆಲುಬು ಮುರಿಯುವುದನ್ನು ತಪ್ಪಿಸುವ ಮಟ್ಟಿಗೆ ಇದು ಐಸಿಯು ಸಿಬ್ಬಂದಿಯ ಮನಸ್ಸನ್ನು ಕಾಯುವ ಆದೇಶವೂ ಹೌದು.

ಕಾರ್ಯಪಡೆಯ ಆ ಸಮೀಕ್ಷೆ ಕೇಳಿದ್ದು ವೈದ್ಯ ವಿದ್ಯಾರ್ಥಿಗಳನ್ನು, ಅವರ ಬೋಧಕರನ್ನು. ನರ್ಸ್‌ಗಳು ಬೇರೆ ಪರಿಷತ್ತಿನ ವ್ಯಾಪ್ತಿಗೆ ಬರುತ್ತಾರೆ, ಹಾಗಾಗಿ ಆ ಲೆಕ್ಕದಲ್ಲಿಲ್ಲ. ದೇಹ ಒರೆಸಿ, ಗಲ್ಲಕ್ಕೆ ಬಟ್ಟೆ ಕಟ್ಟಿ, ಸ್ಟ್ರೆಚರಿನಲ್ಲಿ ಶವಾಗಾರಕ್ಕೆ ತಳ್ಳಿಕೊಂಡು ಹೋಗುವ ಡಿ ಗ್ರೂಪ್ ನೌಕರರಲ್ಲಿ ಹಲವರು ಹೊರಗುತ್ತಿಗೆಯವರು. ಅವರ ಹೆಸರು ಆಸ್ಪತ್ರೆಯ ಹಾಜರಿ ಪುಸ್ತಕದಲ್ಲಿರುವುದಿಲ್ಲ, ಏಜೆನ್ಸಿಯ ಪಟ್ಟಿಯಲ್ಲಿರುತ್ತದೆ. ಕಾರ್ಯಪಡೆ ಶಿಫಾರಸು ಮಾಡಿದ ವಾರದ ರಜೆ, ಆಪ್ತ ಸಮಾಲೋಚನೆ ಯಾವುದನ್ನೇ ಜಾರಿಗೆ ತಂದರೂ ಮೊದಲು ಕೈಬಿಟ್ಟುಹೋಗುವುದು ಆ ಪಟ್ಟಿಯಲ್ಲಿರುವವರೇ.